ಕಚೇರಿ ವರದಿಯಲ್ಲಿ ಆಕರಗಳನ್ನು ಬಳಸುವ ಕ್ರಮ

ಕಾಫಿ ಎಸ್ಟೇಟ್ ಕಚೇರಿಯಲ್ಲಾಗಲಿ, ಸಹಕಾರ ಸಂಘದಲ್ಲಾಗಲಿ, ಒಂದು ಅಂಕಿಯನ್ನು ಎತ್ತಿಕೊಂಡ ಕ್ಷಣದಲ್ಲೇ ಅದು ಎಲ್ಲಿಂದ ಬಂತೆಂದು ಬರೆದಿಡಬೇಕು. ವರದಿ ಮುಗಿದ ಮೇಲೆ ಹುಡುಕಲು ಹೊರಟರೆ ಮೊದಲು ನೆನಪಾದ ಹೆಸರೇ ಆಕರವಾಗಿಬಿಡುತ್ತದೆ.

ಮಳೆಯ ಲೆಕ್ಕವನ್ನೇ ನೋಡಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಎಷ್ಟು ಬಿತ್ತೆಂದು ಕೇಳಿದರೆ ತೋಟದ ಮಳೆಮಾಪಕ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ವಾಟ್ಸಾಪ್ ಗುಂಪು ಮೂರು ಬೇರೆ ಉತ್ತರ ಕೊಡಬಹುದು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿರುವ ಜಿಲ್ಲೆಯಲ್ಲಿ ‘ಕೊಡಗಿನಲ್ಲಿ ಇಷ್ಟು ಮಳೆ’ ಎಂಬ ವಾಕ್ಯಕ್ಕೆ ಹೆಚ್ಚಿನ ಅರ್ಥವಿಲ್ಲ. ಸ್ಥಳ, ದಿನಾಂಕ, ಅಳೆದವರು ಯಾರು ಎಂಬ ಮೂರನ್ನೂ ನಮೂದಿಸಬೇಕು. ತೋಟದ ಪುಸ್ತಕದ ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿದರೆ, ಪರಿವರ್ತನೆ ನಿಮ್ಮದೆಂದು ಹೇಳಿ ಮೂಲದ ಅಂಕಿಯನ್ನೂ ಉಳಿಸಿಕೊಳ್ಳಿ. ತೋಟದ ಲೆಕ್ಕ ಬರೆಯುವ ರೈಟರ್ ಅಂದಾಜಿನಲ್ಲಿ ಎರಡು ಇಂಚು ಎಂದು ಬರೆದದ್ದು 50.8 ಮಿಲಿಮೀಟರ್ ಆದಾಗ ಇಲ್ಲದ ನಿಖರತೆಯೊಂದು ಹುಟ್ಟಿಕೊಳ್ಳುತ್ತದೆ.

ತಜ್ಞರ ಸಲಹೆಯನ್ನು ಸಂಕ್ಷೇಪಿಸುವಾಗ ಅದರ ಷರತ್ತನ್ನು ಬಿಡಬಾರದು. ಅರೇಬಿಕಾ, ರೋಬಸ್ಟಾ ಎಂಬ ಎರಡು ಬಗೆಯ ಕಾಫಿಯಲ್ಲಿ ಬಿಳಿ ಕಾಂಡಕೊರಕ ಮುಖ್ಯವಾಗಿ ಅರೇಬಿಕಾವನ್ನು ಕಾಡುವ ಕೀಟ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ತಜ್ಞರು ಅರೇಬಿಕಾಕ್ಕೆಂದು ಕೊಟ್ಟ ಸಲಹೆಯನ್ನು ‘ಕಾಫಿ ಗಿಡಗಳಿಗೆ’ ಎಂದು ಬರೆದು ರೋಬಸ್ಟಾ ಬೆಳೆಗಾರರಿಗೂ ಕಳಿಸಿದರೆ, ತಜ್ಞರ ಹೆಸರು ಹಾಕಿಯೂ ಅವರು ಹೇಳದ ಮಾತನ್ನು ಹೇಳಿಸಿದಂತಾಗುತ್ತದೆ. ನನ್ನ ಮಟ್ಟಿಗೆ ಇದು ಹೆಸರು ಬಿಡುವುದಕ್ಕಿಂತ ದೊಡ್ಡ ತಪ್ಪು. ಮಾತನ್ನು ಹಾಗೆಯೇ ಎತ್ತಿಕೊಂಡರೆ ಉದ್ಧರಣ ಚಿಹ್ನೆ ಬೇಕು, ಸ್ವಂತ ವಾಕ್ಯದಲ್ಲಿ ಹೇಳಿದರೂ ಮೂಲದ ಹೆಸರು ಬೇಕು. ಎರಡು ಪದ ಬದಲಿಸಿದ ಮಾತ್ರಕ್ಕೆ ಬರಹ ನಮ್ಮದಾಗುವುದಿಲ್ಲ.

ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಸಂಶೋಧನೆ, ವಿಮರ್ಶೆ ಮೊದಲಾದವುಗಳಿಗೆ ನ್ಯಾಯೋಚಿತ ಬಳಕೆಯ ಅವಕಾಶ ಕೊಡುತ್ತದೆಯೇ ಹೊರತು, ಹೋಂಸ್ಟೇಯ ಜಾಹೀರಾತಿಗೆ ಬೇರೆಯವರು ತೆಗೆದ ಫೋಟೋ ಬಳಸಲು ‘ಕೃಪೆ’ ಎಂಬ ಒಂದು ಪದ ಸಾಲದು. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ದೊರೆತ ಭೌಗೋಳಿಕ ಸೂಚ್ಯಂಕದ (ಜಿಐ ಟ್ಯಾಗ್) ಹೆಸರನ್ನು ರೋಬಸ್ಟಾ ಬೆರೆಸಿದ ಪುಡಿಯ ಪೊಟ್ಟಣಕ್ಕೆ ಅಂಟಿಸುವುದೂ ಇದೇ ಜಾತಿಯ ತಪ್ಪು.

ಕಾರ್ಮಿಕರು ಬಾಯಿಮಾತಿನಲ್ಲಿ ಕೊಟ್ಟ ಮಾಹಿತಿಯೂ ಆಕರವೇ. ಹೆಸರು ಹಾಕಬಹುದೇ ಎಂದು ಕೇಳಿ. ಬೇಡವೆಂದರೆ, ಯಾವ ಕೆಲಸದವರು, ಯಾವಾಗ ಹೇಳಿದರು ಎಂಬಷ್ಟೇ ಬರೆಯಿರಿ. ಅಷ್ಟರಿಂದಲೇ ಗುರುತು ಸಿಗುವಂತಿದ್ದರೆ ಅದನ್ನೂ ಬಿಡಿ.

ಕಳಿಸಿದ ವರದಿಯಲ್ಲಿ ತಪ್ಪು ಕಂಡಾಗ ಕಡತವನ್ನು ಸದ್ದಿಲ್ಲದೆ ತಿದ್ದಬಾರದು. ಅದನ್ನು ಪಡೆದ ಎಲ್ಲರಿಗೂ, ಯಾವ ಪುಟದ ಯಾವ ಅಂಕಿ ಏಕೆ ಬದಲಾಯಿತೆಂದು ದಿನಾಂಕ ಸಹಿತ ತಿಳಿಸಬೇಕು.