ಮುಳ್ಳು ಹಸಿರಲ್ಲಿತ್ತು, ಪುಡಿ ಗಡ್ಡೆ ಕಟ್ಟಿತ್ತು

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್ಲಿನಲ್ಲಿ ಕರೆಂಟು, ಮೋಟರು ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ. ಅಲ್ಲಿ ಬೆಂಕಿ ಆರಿಸುವ 11 ಹಳೇ ಫೈರ್ ಸಿಲಿಂಡರ್ ಇದ್ದವು. ಎಂಟು ಎಬಿಸಿ ಪುಡಿಯವು (ಕಟ್ಟಿಗೆ, ಎಣ್ಣೆ, ಗ್ಯಾಸ್ ಬೆಂಕಿಗೆ ಆಗೋ ಪುಡಿ), ಮೂರು ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನವು.

"ಎಲ್ಲಾ ಗುಜರಿಗಿ ಹಾಕು, ಹೊಸಾವು ತರೋಣು" ಅಂದರು ಸಾಹುಕಾರ್ರು. ವಿಚಾರಿಸಿದರೆ ಹತ್ತಿರ ಹತ್ತಿರ 35 ಸಾವಿರ.

"ಎಂಟು ದಿನ ಕೊಡ್ರಿ. ಯಾವ್ದು ಜೀವಂತ ಅದ, ಯಾವ್ದು ಸತ್ತದ ನಾನೇ ಹೇಳ್ತೀನಿ" ಅಂದೆ. ಹಮಾಲರೂ ನಕ್ಕರು.

ಮೊದಲು ತಳ ನೋಡಿದೆ. ನಮ್ಮಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ದಿನಾ ನೀರು ಹಾಕಿ ತೊಳೀತಾರೆ. ನೆಲದ ಮೇಲೇ ಇಟ್ಟಿದ್ದ ಎರಡರ ತಳದ ಬಳೆ ತುಕ್ಕು ಹಿಡಿದು ಹಪ್ಪಳದ ಹಾಗೆ ಏಳುತ್ತಿತ್ತು. ಅವು ನೇರ ಗುಜರಿಗೆ. ಇಂಥದ್ದಕ್ಕೆ ಯಾರೂ ಗ್ಯಾಸ್ ತುಂಬಿಸಬೇಡಿ.

ಉಳಿದ ಆರು ಪುಡಿಯವುಗಳಲ್ಲಿ ಐದರ ಮೀಟರಿನ ಮುಳ್ಳು ಹಸಿರಲ್ಲೇ ಇತ್ತು, ಇಲ್ಲದ ಒಂದು ನೇರ ರೀಫಿಲ್ಲಿಗೆ. ಹಸಿರು ನೋಡಿಯೇ ಎಲ್ಲರೂ ಮೋಸ ಹೋಗೋದು. ಪುಡಿಯನ್ನು ಹೊರಗೆ ತಳ್ಳೋ ಗ್ಯಾಸಿನ ಒತ್ತಡ ಎಷ್ಟಿದೆ ಅಂತ ಮುಳ್ಳು ಹೇಳುತ್ತೆ, ಪುಡಿ ಹೇಗಿದೆ ಅಂತ ಹೇಳಲ್ಲ. ತಲೆಕೆಳಗು ಮಾಡಿ ಕಿವಿ ಹಚ್ಚಿ ಕೇಳಿದೆ. ಡಬ್ಬಿ ಓರೆ ಮಾಡಿದಾಗ ಬೇಳೆ ಜಾರುತ್ತಲ್ಲ, ಹಾಗೆ ಸರ್ ಅನ್ನಬೇಕು. ಮೂರು ಹಾಗೇ ಅಂದವು. ಎರಡು ಸುಮ್ನೆ ಇದ್ದವು, ಆಮೇಲೆ ಒಮ್ಮೆಗೇ ದಡ್ ಅಂದವು. ಒಳಗೆ ಗಡ್ಡೆ ಅಂತ ಬರೆದು ಚೀಟಿ ಅಂಟಿಸಿದೆ. ಸಾಹುಕಾರ್ರು ನಂಬಲಿಲ್ಲ. ರೀಫಿಲ್ ಅಂಗಡಿಯಲ್ಲಿ ಗ್ಯಾಸ್ ಪೂರ್ತಿ ಬಿಟ್ಟು ತಲೆ ಬಿಚ್ಚಿಸಿದಾಗ ಮುಷ್ಟಿ ಗಾತ್ರದ ಹೆಂಟೆ ಬಿದ್ದವು. ಹಿಂದೆ ಯಾರೋ ಒಣ ನೈಟ್ರೋಜನ್ ಬದಲು ಕಂಪ್ರೆಸರ್ ಗಾಳಿ ತುಂಬಿರಬೇಕು ಅಂತ ನನ್ನ ಅನುಮಾನ. ಗಾಳಿಯ ಪಸೆ ಸಾಕು, ಪುಡಿ ಕೆಡೋಕೆ.

ಇನ್ನು ನನ್ನ ದಡ್ಡತನ. ಚೆನ್ನಾಗಿದ್ದ ಮೂರರಲ್ಲಿ ಒಂದನ್ನು ತೊಗರಿ ಕಟ್ಟಿಗೆ ಬೆಂಕಿಗೆ ಎರಡೇ ಸೆಕೆಂಡ್ ಹೊಡೆದು ನೋಡಿದೆ. ಬೆಂಕಿ ಆರಿತು, ಮೀಸೆ ತಿರುವಿದೆ. ಬೆಳಿಗ್ಗೆ ನೋಡಿದರೆ ಮುಳ್ಳು ಕೆಂಪಿಗೆ ಬಂದಿತ್ತು! ವಾಲ್ವ್ ಸೀಟಿನಲ್ಲಿ ಪುಡಿ ಕೂತು ರಾತ್ರಿಯೆಲ್ಲ ಸೋರಿದೆ. ಸುಮಾರು 700 ರೂಪಾಯಿ ನನ್ನ ಜೇಬಿಂದ.

ಸಿಓಟುಗೆ ಮುಳ್ಳೇ ಇಲ್ಲ, ತೂಕವೇ ಗತಿ. ಚೀಲ ತೂಗುವ ಕಾಂಟಾದ ಮೇಲೆ ಇಟ್ಟೆ, ಮೂರೂ ಸರಿ ಬಂದವು. ಸಂಜೆ ಹೊಳೀತು, ನಮ್ಮ ಸಿಲಿಂಡರ್ ಮೇಲೆ ಕೊರೆದ ತೂಕ ಹೋಸ್, ಅದರ ತುದಿಯ ಹಾರ್ನ್ ಬಿಟ್ಟು. ನಾನು ಸೇರಿಸಿ ತೂಗಿದ್ದೆ. ಬಿಚ್ಚಿ ತೂಗಿದರೆ ಒಂದರಲ್ಲಿ 900 ಗ್ರಾಂ ಕಮ್ಮಿ. ನಾಲ್ಕೂವರೆ ಕೇಜಿ ಗ್ಯಾಸಿನಲ್ಲಿ ಹತ್ತು ಪರ್ಸೆಂಟ್, ಅಂದರೆ 450 ಗ್ರಾಂ ಇಳಿದರೇ ರೀಫಿಲ್ ಮಾಡಿಸಬೇಕು.

ಮೀಟರಿನ ಮುಳ್ಳೇ ಅಂಟಿಕೊಂಡಿದೆಯಾ ಅಂತ ನೋಡೋಕೆ ನನ್ನದೊಂದು ಉಪಾಯ ಇದೆ. ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯಲ್ಲ.

ಕೊನೆಗೆ ನಾಲ್ಕು ಹಾಗೇ ಪಾಸು. ಅವುಗಳ ಹೈಡ್ರೋ ಟೆಸ್ಟ್ (ನೀರಿನ ಒತ್ತಡದಲ್ಲಿ ಸಿಲಿಂಡರ್ ಪರೀಕ್ಷೆ) ತಾರೀಕೂ ಮೀರಿರಲಿಲ್ಲ, ಪುಡಿಯದಕ್ಕೆ ಮೂರು ವರ್ಷ, ಸಿಓಟುಗೆ ಐದು. ಐದು ರೀಫಿಲ್ಲಿಗೆ ಹೋದವು, ಎರಡು ಹೊಸವು ಬಂದವು. ಟೆಸ್ಟ್ ಸೇರಿ ಹತ್ತು ಸಾವಿರದ ಒಳಗೇ ಮುಗೀತು. ಈಗ ಹನ್ನೊಂದೂ ಗೋಡೆಯ ಮೊಳೆಗೆ ನೇತಾಡುತ್ತಿವೆ. ಸಾಹುಕಾರ್ರು ಚಹಾ ಕುಡಿಸಿದರು. ಆ 700 ಮಾತ್ರ ಇನ್ನೂ ಕೊಟ್ಟಿಲ್ಲ.