ಜ್ವರದ ದಿನದ ಕೂಲಿ ಮೊದಲೇ ತೀರ್ಮಾನಿಸಿ: ಸಾಂಕ್ರಾಮಿಕ ಬಂದಾಗ ತೋಟದ ಮಾಲೀಕರು ಮಾಡಬೇಕಾದ ಕೆಲಸಗಳು

2021ರ ಮೇ ತಿಂಗಳು, ಕೋವಿಡ್ ಕಾಲ. ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ನಡೆಯುತ್ತಿತ್ತು. ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೆ ಮೇಸ್ತ್ರಿ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಗೌಡ್ರೆ, ಆಳುಗಳ ಲೈನ್ ಮನೇಲಿ ಇಬ್ಬರಿಗೆ ಮೂರು ದಿನದಿಂದ ಜ್ವರ. ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಬರ್ತಿದ್ದಾರೆ." ಯಾಕೆ ಹೇಳಲಿಲ್ಲ ಅಂತ ಆ ಇಬ್ಬರನ್ನೇ ಕೇಳಿದೆ. "ಮನೇಲಿ ಕೂತರೆ ಹಾಜರಿ ಬೀಳಲ್ವಲ್ಲ ಗೌಡ್ರೆ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೇಟಿನಲ್ಲಿ ಸೋಪು ಇಟ್ಟಿದ್ದೆ, ಮಾಸ್ಕ್ ಹಂಚಿದ್ದೆ, ಜ್ವರ ನೋಡುವ ಗನ್ನೂ ತಂದಿದ್ದೆ. ಜ್ವರ ಬಂದ ದಿನದ ಕೂಲಿ ಏನು ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಮುಂದೆ ಇಂಥ ಇನ್ನೊಂದು ಕಾಲ ಬಂದರೆ ಏನನ್ನು ಮೊದಲು ಮಾಡಬೇಕು, ಏನನ್ನು ಆಮೇಲೆ ಮಾಡಬಹುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

1. ನಿಮಗೆ ಯಾವ ಕಾನೂನು ಅಂತ ನೋಡಿಕೊಳ್ಳಿ

ಹಿಂದೆ ಕಾಫಿ ತೋಟಕ್ಕೆ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಇತ್ತು. 5 ಹೆಕ್ಟೇರ್, ಅಂದರೆ ಹನ್ನೆರಡು ಎಕರೆ ಚಿಲ್ಲರೆ ಜಾಗ ಮತ್ತು 15 ಜನ ಕೆಲಸದವರು ಇದ್ದರೆ ಅದು ಅನ್ವಯಿಸುತ್ತಿತ್ತು. ಈಗ ಹಳೆಯ 29 ಕಾರ್ಮಿಕ ಕಾನೂನುಗಳನ್ನು ಸೇರಿಸಿ 4 ಸಂಹಿತೆ ಮಾಡಿದ್ದಾರೆ. 2025ರ ನವೆಂಬರ್ 21ರಿಂದ ಅವು ಜಾರಿಯಲ್ಲಿವೆ. ತೋಟ, ಕಾರ್ಖಾನೆ, ಗುತ್ತಿಗೆ ಕೆಲಸ, ಹೊರರಾಜ್ಯದ ಕಾರ್ಮಿಕರು, ಇವರೆಲ್ಲರ ಸುರಕ್ಷತೆಯ ವಿಚಾರ ಒಂದೇ ಸಂಹಿತೆಯಲ್ಲಿದೆ. ಬರೀ ಅದೊಂದರಲ್ಲೇ 13 ಹಳೆಯ ಕಾನೂನುಗಳು ಸೇರಿಹೋಗಿವೆ.

"ನಂದು ನಾಲ್ಕೆಕರೆ, ಇದೆಲ್ಲ ನಂಗ್ಯಾಕೆ" ಅನ್ನುವವರು ಸ್ವಲ್ಪ ನಿಲ್ಲಿ. ಕನಿಷ್ಠ ಕೂಲಿ ಮತ್ತು ಹೊತ್ತಿಗೆ ಸರಿಯಾಗಿ ಬಟವಾಡೆ, ಇವೆರಡು ಈಗ ತೋಟದ ಅಳತೆ ನೋಡುವುದಿಲ್ಲ. ಹೋಂಸ್ಟೇಯಲ್ಲಿ ಇಬ್ಬರನ್ನು ಇಟ್ಟುಕೊಂಡವರಿಗೂ ಇದು ಅನ್ವಯ. ತಿಂಗಳ ಸಂಬಳವಾದರೆ ಮುಂದಿನ ತಿಂಗಳು 7ನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಡಿಸಿದರೆ ಎರಡು ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ ಮಾಡಬೇಕು.

2. ಡಿಸಿ ಆದೇಶ ಯಾವತ್ತೂ ಕೈಯಲ್ಲಿರಲಿ

ಸಾಂಕ್ರಾಮಿಕ ಶುರುವಾದ ಮೇಲೆ ದಿನನಿತ್ಯದ ಕಾರ್ಮಿಕ ಕಾನೂನಿನ ಮೇಲೆ ಇನ್ನೊಂದು ಕಾನೂನು ಬಂದು ಕೂರುತ್ತದೆ. ಅದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಜಿಲ್ಲೆಯಲ್ಲಿ ಅದರ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲಾ ಎರಡೂ. ಮೀರಿದ್ದರಿಂದ ಜೀವ ಹೋದರೆ ಎರಡು ವರ್ಷದವರೆಗೆ.

2020ರಲ್ಲಿ ನಡೆದದ್ದು ನೆನಪಿದೆಯಲ್ವಾ? ಮಾರ್ಚ್ 25ಕ್ಕೆ ಎಲ್ಲ ಬಂದ್. ಏಪ್ರಿಲ್ 20ರಿಂದ ಕಾಫಿ ತೋಟಕ್ಕೆ ಅವಕಾಶ ಸಿಕ್ಕಿತು, ಅದೂ ಅರ್ಧ ಜನರನ್ನಿಟ್ಟುಕೊಂಡು ಮಾತ್ರ. ಹಾಸನ, ಚಿಕ್ಕಮಗಳೂರು ಎರಡೂ ಮೇ ಮೊದಲಲ್ಲಿ ಹಸಿರು ವಲಯದಲ್ಲಿದ್ದವು. "ನಮ್ಮಲ್ಲಿ ಇಲ್ವಲ್ಲ" ಅಂತ ಎಷ್ಟೋ ಜನ ಪೂರ್ತಿ ಆಳು ಕರೆಸಿದರು. ವಲಯ ಹಸಿರಾದರೂ ಮಾಸ್ಕ್, ಅಂತರ, ಗುಂಪು ಸೇರದಿರುವುದು ಎಲ್ಲರಿಗೂ ಕಡ್ಡಾಯವೇ ಆಗಿತ್ತು. ಇಂಥ ಆದೇಶಗಳು ವಾರಕ್ಕೊಮ್ಮೆ ಬದಲಾಗುತ್ತವೆ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ. ಸಹಿ, ತಾರೀಕು ಇರುವ ಪ್ರತಿ ತರಿಸಿ, ಕಣದ ಗೋಡೆಗೆ ಅಂಟಿಸಿ. ಹಳೆಯದನ್ನು ಹರಿದು ಬಿಸಾಡಬೇಡಿ, ಫೈಲಿನಲ್ಲಿಡಿ. ಯಾವ ದಿನ ಯಾವ ನಿಯಮ ಇತ್ತು ಅಂತ ಆಮೇಲೆ ತೋರಿಸಬೇಕಾಗಿ ಬಂದರೆ ಅದೇ ಆಧಾರ.

3. ಜ್ವರದ ಕೂಲಿ ಬರೆದಿಡಿ

ನನ್ನ ಪ್ರಕಾರ ಉಳಿದೆಲ್ಲ ಹೆಜ್ಜೆ ಇದರ ಮೇಲೆ ನಿಂತಿದೆ.

ಕಾನೂನು ಏನು ಕೊಡುತ್ತದೆ ಅಂತ ಮೊದಲು ನೋಡೋಣ. 1951ರ ಕಾಯ್ದೆಯಲ್ಲೇ, ಡಾಕ್ಟರ ಚೀಟಿ ತಂದ ತೋಟದ ಕಾರ್ಮಿಕನಿಗೆ ಮಾಲೀಕ ಕಾಯಿಲೆ ಭತ್ಯೆ ಕೊಡಬೇಕು ಅಂತಿತ್ತು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವ ಕಡೆ, ಅಂದರೆ 10 ಜನರಿಗಿಂತ ಕಡಿಮೆಯಿಲ್ಲದ ಕಾರ್ಖಾನೆ, ಹೋಟೆಲು, ಅಂಗಡಿಗಳಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಕಾಯಿಲೆಯ ದಿನಗಳಲ್ಲಿ ಕೂಲಿಯ ಶೇ 70 ಸಿಗುತ್ತದೆ. ವರ್ಷಕ್ಕೆ 91 ದಿನದವರೆಗೆ. ಇದನ್ನು ಕೊಡುವುದು ಇಎಸ್‌ಐ ನಿಗಮ, ನೀವಲ್ಲ. ಆದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕಾಯಿಲೆ ಬಂದ ಮೇಲೆ ಓಡಿಹೋಗಿ ಹೆಸರು ಸೇರಿಸಿದರೆ ಪ್ರಯೋಜನವಿಲ್ಲ. ಸೀಸನ್ನಿಗೆ ಮಾತ್ರ ನಡೆಯುವ ಕಾಫಿ ಕಾರ್ಖಾನೆಗಳನ್ನು ಇಎಸ್‌ಐ ಕಾಯ್ದೆ ಹೊರಗಿಟ್ಟಿತ್ತು. ಹಾಗಾಗಿ "ಇಎಸ್‌ಐ ಇದ್ದೇ ಇರುತ್ತೆ" ಅಂದುಕೊಂಡು ಸುಮ್ನೆ ಕೂರಬೇಡಿ.

ಇನ್ನು ಗಳಿಕೆ ರಜೆ. 20 ದಿನ ಕೆಲಸಕ್ಕೆ ಒಂದು ದಿನ ಸಂಬಳದ ರಜೆ ಲೆಕ್ಕ. ಹಿಂದೆ ಕಾರ್ಖಾನೆಗಳಲ್ಲಿ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು, ಈಗ 180 ಸಾಕು. ಜ್ವರ ಬಂದವರನ್ನು ಕೇಳದೆ ಆ ರಜೆಯಿಂದ ಕಳೆಯಬೇಡಿ. ಕೇಳಿ ಕಳೆದರೆ ಸಹಿ ಹಾಕಿಸಿಕೊಳ್ಳಿ.

ಇದೆಲ್ಲ ಯಾವುದೂ ಇಲ್ಲದ ಸೀಸನ್ ಆಳು? ಕುಯ್ಲಿಗೆ ಎರಡು ತಿಂಗಳಿಗೆ ಅಂತ ಬಂದವರು? ಅವರಿಗೆ ನೀವೇ ಒಂದು ತೀರ್ಮಾನ ಮಾಡಬೇಕು. ನಾನು ಮಾಡಿದ್ದು ಅರ್ಧ ಕೂಲಿ. ದುಬಾರಿ ಅನ್ನಿಸಿದರೆ ಲೆಕ್ಕ ಹಾಕಿ ನೋಡಿ. ಒಬ್ಬ ಒಂದು ವಾರ ಮನೆಯಲ್ಲಿದ್ದರೆ 6 ಕೆಲಸದ ದಿನ, ಅರ್ಧ ಕೂಲಿ ಅಂದರೆ 3 ಆಳಿನ ದುಡ್ಡು (ಒಬ್ಬರ ಒಂದು ದಿನದ ಕೆಲಸಕ್ಕೆ ಒಂದು ಆಳು ಅಂತ ಲೆಕ್ಕ). ಅವನು ಮುಚ್ಚಿಟ್ಟುಕೊಂಡು ಬಂದು ಲೈನಿನ 20 ಜನ ಮಲಗಿದರೆ ವಾರಕ್ಕೆ 120 ಆಳು ಕೈತಪ್ಪುತ್ತದೆ. ಅದೂ ಹಣ್ಣು ಗಿಡದಿಂದ ಉದುರುವ ಹೊತ್ತಿನಲ್ಲಿ.

ತೀರ್ಮಾನ ಮಾಡಿದರೆ ಸಾಲದು, ಹೇಳಬೇಕು. ಹಾಜರಿ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿ. ಅಸ್ಸಾಂನಿಂದ ಬಂದವರಿದ್ದರೆ ಅವರಲ್ಲೇ ಕನ್ನಡವೋ ಹಿಂದಿಯೋ ಬರುವ ಒಬ್ಬನಿಂದ ಅವರ ಮಾತಿನಲ್ಲಿ ಹೇಳಿಸಿ. ಮೇಸ್ತ್ರಿಯ ಕಮಿಷನ್ ಆಳಿನ ಲೆಕ್ಕದ ಮೇಲಿದ್ದರೆ ಒಂದು ಎಚ್ಚರ: ಜ್ವರದವರನ್ನು ಮನೆಯಲ್ಲಿ ಬಿಟ್ಟರೆ ಅವನಿಗೂ ನಷ್ಟ, ಹಾಗಾಗಿ ಅವನೂ ಬಾಯಿ ಬಿಡುವುದಿಲ್ಲ. ಜ್ವರದ ಹಾಜರಿಗೂ ಅವನ ಕಮಿಷನ್ ಇಡಿ. ಚಿಕ್ಕ ಖರ್ಚು, ದೊಡ್ಡ ಬಾಗಿಲು ತೆರೆಯುತ್ತದೆ.

4. ಸುರಕ್ಷತೆ: ಗಿಡದ ಸಾಲಿನಲ್ಲಲ್ಲ, ಲೈನು ಮತ್ತು ಜೀಪಿನಲ್ಲಿ

ಕುಯ್ಲಿನಲ್ಲಿ ಒಬ್ಬರಿಗೊಂದು ಸಾಲು. ಮೇಲೆ ಬಯಲು ಗಾಳಿ. ಅಲ್ಲಿ ಅಂತರ ತಾನಾಗಿಯೇ ಇರುತ್ತದೆ. ಅಪಾಯ ಇರುವುದು ಜೀಪಿನಲ್ಲಿ, ಟೀ ಹೊತ್ತಿನಲ್ಲಿ, ಸಂಜೆ ತೂಕಕ್ಕೆ ಚೀಲ ತಂದು ಗುಂಪಾಗಿ ನಿಲ್ಲುವಾಗ, ಬಟವಾಡೆ ದಿನ, ಮತ್ತು ಲೈನ್ ಮನೆಯಲ್ಲಿ.

ಆರು ಅಡಿ ಅಂತರ ಅಂತ ಸರ್ಕಾರ ಹೇಳಿತು. ಹತ್ತಡಿ ಕೋಣೆಯಲ್ಲಿ ಐದು ಜನ ಮಲಗುವ ಲೈನಿನಲ್ಲಿ ಆರಡಿ ಎಲ್ಲಿಂದ ತರುವುದು? ಅದಕ್ಕೆ ಕೋಣೆಯನ್ನೇ ಒಂದು ಗುಂಪು ಅಂತ ಇಟ್ಟುಕೊಳ್ಳಿ. ಒಂದೇ ಕೋಣೆಯವರಿಗೆ ಒಂದೇ ಕಡೆ ಕೆಲಸ, ಒಂದೇ ಟ್ರಿಪ್ಪು, ಒಂದೇ ಟೀ ಹೊತ್ತು. ಒಬ್ಬರಿಗೆ ಬಂದರೆ ಯಾರನ್ನು ನೋಡಿಕೊಳ್ಳಬೇಕು ಅಂತ ಕೂಡಲೇ ಗೊತ್ತಾಗುತ್ತದೆ. ಒಂದು ಕೋಣೆ ಖಾಲಿ ಇಡಿ. ಔಷಧಿ, ಗೊಬ್ಬರ ಇಡುವ ಗೋದಾಮಿನಲ್ಲಿ ಮಾತ್ರ ಕಾಯಿಲೆಯವರನ್ನು ಮಲಗಿಸಬೇಡಿ.

2020ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ನಿಯಮದಲ್ಲಿ, ಕೆಲಸದವರನ್ನು ಕರೆತರುವ ಗಾಡಿಯಲ್ಲಿ ಶೇ 30ರಿಂದ 40ರಷ್ಟೇ ಜನ ಇರಬೇಕು, ಪಾಳಿಗಳ ನಡುವೆ ಒಂದು ಗಂಟೆ ಬಿಡುವಿರಬೇಕು ಅಂತಿತ್ತು. ಪಿಕಪ್ಪಿನ ಹಿಂದೆ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವುದು ಕಾಯಿಲೆ ಇಲ್ಲದ ಕಾಲದಲ್ಲೂ ತಪ್ಪೇ, ಅದು ಬೇರೆ ಮಾತು.

ಮಾಸ್ಕ್, ಸೋಪು, ಪರೀಕ್ಷೆ, ಇವುಗಳ ದುಡ್ಡನ್ನು ಬಟವಾಡೆಯಲ್ಲಿ ಮುರಿದುಕೊಳ್ಳುವಂತಿಲ್ಲ. ಸುರಕ್ಷತೆಗೆ, ಆರೋಗ್ಯ ತಪಾಸಣೆಗೆ ಮಾಡಿದ ಖರ್ಚನ್ನು ಕೆಲಸದವರ ಮೇಲೆ ಹಾಕಬಾರದು ಅಂತ ಹೊಸ ಸಂಹಿತೆಯಲ್ಲೇ ಇದೆ. ಕುಡಿಯುವ ನೀರು, ಶೌಚಾಲಯ, ಲೈನ್ ಮನೆಯೂ ತೋಟದ ಹೊಣೆಯೇ. ಇಲ್ಲಿ ಅಪಾಯವಿದೆ ಅಂತ ಕಾರ್ಮಿಕ ಹೇಳಿದರೆ ಅದು ಅವನ ಹಕ್ಕು. ತಲೆಹರಟೆ ಅಂತ ಬೈಯಬೇಡಿ.

ಇನ್ನೊಂದು. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪಿಗೆ ಬ್ಲೀಚಿಂಗ್ ನೀರು ತುಂಬಿ ಆಳುಗಳ ಮೇಲೇ ಹೊಡೆದವರನ್ನು ಕಂಡಿದ್ದೇನೆ. ಮನುಷ್ಯರ ಮೇಲೆ ಹೊಡೆಯಬೇಡಿ ಅಂತ ಆರೋಗ್ಯ ಸಚಿವಾಲಯ 2020ರಲ್ಲೇ ಹೇಳಿತ್ತು. ಅದು ಬಾಗಿಲ ಹಿಡಿಗೆ, ನಲ್ಲಿಗೆ.

5. ಒಬ್ಬರಿಗೆ ಬಂದೇಬಿಟ್ಟರೆ

ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ, ಇಲ್ಲಾ ಆಶಾ ಕಾರ್ಯಕರ್ತೆಗೆ ಹೇಳಿ. ಕಾಯಿಲೆಯವರ ಹೆಸರನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಒಬ್ಬರಿಗೆ ಅಥವಾ ಇಬ್ಬರಿಗೆ ಬಂದರೆ ಇಡೀ ಕಚೇರಿ ಮುಚ್ಚಬೇಕಿಲ್ಲ, ಹಿಂದಿನ 48 ಗಂಟೆಯಲ್ಲಿ ಅವರು ಓಡಾಡಿದ ಜಾಗ ಶುಚಿ ಮಾಡಿದರೆ ಸಾಕು ಅಂತ 2020ರ ಮೇನಲ್ಲಿ ನಿಯಮ ಬಂದಿತ್ತು.

6. ಕೆಲಸ ನಿಂತರೆ ಕೂಲಿ?

ಅತಿ ಜಾಸ್ತಿ ಜಗಳವಾದ ವಿಷಯ ಇದು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಲಾಕ್‌ಡೌನ್ ದಿನಗಳಿಗೂ ಪೂರ್ತಿ ಕೂಲಿ ಕೊಡಿ ಅಂದಿತು. ಮೇ 18ರಿಂದ ಆ ಆದೇಶ ಹೋಯಿತು. ನಡುವಿನ ದಿನಗಳ ಗತಿ ಏನು ಅಂತ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಮಾಲೀಕರು ಮತ್ತು ಕಾರ್ಮಿಕರು ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಅಂತ ಜೂನ್ 12ರಂದು ಕೋರ್ಟ್ ಹೇಳಿತು. ಹಾಗೆ ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಹಾಕಿದವರು ಬಚಾವಾದರು. ಬಾಯಿಮಾತಿನಲ್ಲಿ ಮುಗಿಸಿದವರು ವರ್ಷಗಟ್ಟಲೆ ಅಲೆದರು.

50 ಜನರಿಗಿಂತ ಕಡಿಮೆಯಿಲ್ಲದ ತೋಟದಲ್ಲಿ, ಒಂದು ವರ್ಷ ಸೇವೆ ಆದವರನ್ನು ಲೇ-ಆಫ್ ಮಾಡಿದರೆ, ಅಂದರೆ ತೆಗೆಯದೆ ತಾತ್ಕಾಲಿಕವಾಗಿ ಕೆಲಸ ಕೊಡದಿದ್ದರೆ, ಮೂಲ ಕೂಲಿ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಕೆಲಸದಿಂದಲೇ ತೆಗೆಯುವುದಾದರೆ ಒಂದು ತಿಂಗಳ ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಕೂಲಿ. ಕೊನೆಗೆ ಬಂದವರನ್ನು ಮೊದಲು ತೆಗೆಯಬೇಕು.

ಇದರ ಉಲ್ಟಾ ಕೂಡ ನಡೆಯುತ್ತದೆ. ಇರುವ ಜನರಿಂದಲೇ ಜಾಸ್ತಿ ಹೊತ್ತು ದುಡಿಸುವುದು. 2020ರ ಮೇನಲ್ಲಿ ನಮ್ಮ ಸರ್ಕಾರ ಕಾರ್ಖಾನೆಗಳಿಗೆ ದಿನಕ್ಕೆ 10 ಗಂಟೆ ಕೆಲಸ ಅಂತ ಮಾಡಿ, ಜೂನ್‌ನಲ್ಲಿ ವಾಪಸ್ ಪಡೆಯಿತು. ಗುಜರಾತಿನ ಅಂಥದ್ದೇ ಆದೇಶವನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಾಯಿಲೆಯ ಕಾಲ ಅಂತ ಓಟಿಯ ಎರಡು ಪಟ್ಟು ಕೂಲಿ ತಪ್ಪುವುದಿಲ್ಲ.

7. ಲಸಿಕೆ ಮತ್ತು ಲೆಕ್ಕ

ಲಸಿಕೆ ಹಾಕಿಸಿಕೊಳ್ಳಲು ಕೂಲಿ ಸಮೇತ ಅರ್ಧ ದಿನ ಬಿಡಿ, ಗಾಡಿ ಕೊಡಿ. ಒತ್ತಾಯ ಬೇಡ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ 2022ರ ಮೇ 2ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಹೊರಗಿನಿಂದ ಬಂದ ಪ್ರತಿಯೊಬ್ಬರ ಹೆಸರು, ಊರು, ಮನೆಯ ಫೋನ್ ನಂಬರು ಬರೆದಿಡಿ. ನೇಮಕದ ಪತ್ರ ಈಗ ಎಲ್ಲರಿಗೂ ಕೊಡಬೇಕು. ಹೊರರಾಜ್ಯದವರಿಗೆ ಊರಿಗೆ ಹೋಗಿಬರುವ ಖರ್ಚಿನ ಹಕ್ಕೂ ಇದೆ. 2020ರಲ್ಲಿ ಬಸ್ಸು ರೈಲು ನಿಂತಾಗ ಈ ಪಟ್ಟಿ ಇಲ್ಲದ ತೋಟದವರು ಯಾರು ಎಲ್ಲಿಯವರು ಅಂತ ರಾತ್ರೋರಾತ್ರಿ ಹುಡುಕಬೇಕಾಯಿತು.

ನಮ್ಮ ಹಾಜರಿ ಪುಸ್ತಕದಲ್ಲಿ, ಅಂದರೆ ಚೆಕ್‌ರೋಲಿನಲ್ಲಿ, ಹಾಜರಿ, ಗೈರು, ಅರ್ಧ ದಿನದ ಜೊತೆಗೆ 'ಜ್ವ' ಅನ್ನುವ ಗುರುತು ಈಗಲೂ ಇದೆ. ಕೋವಿಡ್ ಹೋದರೂ ತೆಗೆದಿಲ್ಲ. ಕುಯ್ಲು ಮತ್ತು ಮಂಗನ ಕಾಯಿಲೆ, ಎರಡೂ ಡಿಸೆಂಬರ್ ಹೊತ್ತಿಗೇ ಬರುತ್ತವೆ. ಅದು ಉಣುಗಿನಿಂದ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಅಲ್ಲ. ಆದರೂ ಜ್ವರವನ್ನು ಮೊದಲ ದಿನವೇ ಹೇಳಬೇಕು ಅನ್ನುವುದು ಅದಕ್ಕೂ ಒಂದೇ. ಹೋದ ಕುಯ್ಲಿನಲ್ಲಿ ಲೆಕ್ಕ ಬರೆಯುವ ರೈಟರ್ ನಾಲ್ಕು ಸಲ 'ಜ್ವ' ಬರೆದ. ನಾಲ್ವರೂ ತಾವಾಗಿಯೇ ಬಂದು ಹೇಳಿದವರು.