ಮೊಬೈಲು ಕಸಿಯದೆ ಕಲಿಸಿದ ಪಾಠ: ನನ್ನ ಅನುಭವ

ಉಡುಪಿ ಜಿಲ್ಲೆಯ ಕಡಲ ಬದಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಅಧ್ಯಾಪಕಿ. 2020ರಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿ ಪಾಠವೆಲ್ಲ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಾಗ, ಅದುವರೆಗೆ ಮೊಬೈಲು ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದ ನಾವೇ ಅವರಿಗೊಂದು ಮೊಬೈಲು ಕೊಡಿಸಿ ಎಂದು ಹೆತ್ತವರನ್ನು ಕೇಳಬೇಕಾಯಿತು. ಶಾಲೆ ತೆರೆದ ಮೇಲೆ ಆ ಮೊಬೈಲು ಮಕ್ಕಳ ಕೈಯಿಂದ ಹಿಂದಕ್ಕೆ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ನಮ್ಮ ಅನೇಕ ಮಕ್ಕಳ ತಂದೆಯಂದಿರು ದುಬೈ, ಮಸ್ಕತ್, ಕುವೈತ್‌ಗಳಲ್ಲಿ ಇಲ್ಲವೇ ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತಾರೆ. ಮಲ್ಪೆ ಬಂದರಿನಿಂದ ಆಳಸಮುದ್ರದ ಬೋಟಿಗೆ ಹೋಗುವವರು ಮನೆಗೆ ಮರಳುವುದು ದಿನಗಟ್ಟಲೆ ಕಳೆದ ಮೇಲೆ. ಅಪ್ಪನ ಮುಖ ಕಾಣುವುದೇ ವಿಡಿಯೋ ಕಾಲಿನಲ್ಲಿ ಎಂಬಂಥ ಮನೆಯಲ್ಲಿ ಮೊಬೈಲು ಬಿಟ್ಟುಬಿಡು ಎಂಬ ಉಪದೇಶ ನಡೆಯುವುದಿಲ್ಲ. ಹಾಗಾಗಿ ಅದನ್ನು ಬಳಸುವ ಬಗೆಯನ್ನು ಶಾಲೆಯೇ ಕಲಿಸಬೇಕೆಂದು ನಿಶ್ಚಯಿಸಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಎಂಟರಿಂದ ಹತ್ತನೆಯ ತರಗತಿಯವರಿಗೆ ಶನಿವಾರದ ಕೊನೆಯ ಅವಧಿಯಲ್ಲಿ ಈ ಪಾಠವನ್ನು ನಡೆಸಿಕೊಂಡು ಬಂದಿದ್ದೇನೆ.

ಪಾಠ ಆರಂಭಿಸುವ ಮೊದಲು, ಹೆಸರು ಬರೆಯದ ಚೀಟಿಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೇಳಿದೆ. ಮೊಬೈಲಿನಿಂದ ನಿನಗೆ ಯಾವಾಗಲಾದರೂ ತೊಂದರೆಯಾಗಿದೆಯೇ? ಆಗಿದ್ದರೆ ಯಾರಿಗೆ ಹೇಳಿದೆ? ತೊಂದರೆಗಳು ನಾನು ಊಹಿಸಿದ್ದಂಥವೇ ಆಗಿದ್ದವು: ಗುರುತಿಲ್ಲದವರು ಅಸಹ್ಯ ಚಿತ್ರ ಕಳುಹಿಸಿದ್ದು, ಯಾರೋ ತನ್ನ ಡಿಪಿ ತೆಗೆದು ಫೇಕ್ ಅಕೌಂಟ್ ತೆರೆದದ್ದು, ಸಹಪಾಠಿಗಳೇ ಫೋಟೋವನ್ನು ಮೀಮ್ ಮಾಡಿ ಗ್ರೂಪಿಗೆ ಹಾಕಿ ನಕ್ಕದ್ದು, ಗೇಮಿನಲ್ಲಿ ಪರಿಚಯವಾದವನು ಹಣ ಕೇಳಿದ್ದು. ನನ್ನನ್ನು ಯೋಚನೆಗೆ ಹಚ್ಚಿದ್ದು ಎರಡನೆಯ ಉತ್ತರ. ಹೆಚ್ಚಿನವರು ಯಾರಿಗೂ ಹೇಳಿರಲಿಲ್ಲ. ಒಂದು ಚೀಟಿಯಲ್ಲಿ ಕಾರಣವೂ ಇತ್ತು: "ಹೇಳಿದರೆ ಮೊಬೈಲು ತೆಗೆದಿಡುತ್ತಾರೆ, ಮತ್ತೆ ಕೊಡುವುದಿಲ್ಲ."

ಇಷ್ಟು ಕಾಲದ ಈ ಕೆಲಸದಿಂದ ನನಗೆ ಮನವರಿಕೆಯಾದ ಮುಖ್ಯ ಸಂಗತಿ ಅದೇ ಚೀಟಿಯಲ್ಲಿದೆ. ಹೆದರಿಸಿ ಹಣ ಕೀಳುವವನ ಬಂಡವಾಳವೇ ಮಗುವಿಗೆ ಮನೆಯವರ ಮೇಲಿರುವ ಹೆದರಿಕೆ. "ಈ ಫೋಟೋವನ್ನು ನಿನ್ನ ಅಪ್ಪನಿಗೆ ಕಳುಹಿಸುತ್ತೇನೆ" ಎಂಬುದೇ ಅವನ ಆಯುಧ. ಆದ್ದರಿಂದ ನಾನು ಮಕ್ಕಳಿಗಿಂತ ಮೊದಲು ಹೆತ್ತವರ ಸಭೆ ಕರೆದು, ಮಗು ತಾನಾಗಿ ಬಂದು ತೊಂದರೆ ಹೇಳಿಕೊಂಡರೆ ಆ ಕಾರಣಕ್ಕಾಗಿ ಮೊಬೈಲು ಕಸಿಯಬಾರದು ಎಂಬ ಒಂದೇ ಮಾತನ್ನು ಕೇಳಿಕೊಂಡೆ. "ಹಾಗೆ ಬಿಟ್ಟರೆ ಅವರಿಗೆ ಹೆದರಿಕೆಯೇ ಇರುವುದಿಲ್ಲವಲ್ಲ ಟೀಚರ್?" ಎಂದು ತಾಯಂದಿರು ಆಕ್ಷೇಪಿಸಿದರು. ರಾತ್ರಿ ಮೊಬೈಲು ಚಾವಡಿಯಲ್ಲೇ ಚಾರ್ಜಿಗಿರಬೇಕು, ಊಟದ ಹೊತ್ತಿಗೆ ಬದಿಗಿಡಬೇಕು ಎಂಬ ಮನೆಯ ಶಿಸ್ತು ಬೇರೆ, ಕಷ್ಟ ಹೇಳಿಕೊಂಡ ಮಗುವಿಗೆ ಶಿಕ್ಷೆ ಕೊಡುವುದು ಬೇರೆ ಎಂದು ನಾನು ವಿವರಿಸಿದೆ. ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಒಪ್ಪಿದವರ ಮನೆಯ ಮಕ್ಕಳು ಮಾತ್ರ ಬೇಗನೆ ಬಾಯಿಬಿಟ್ಟರು.

ಮಕ್ಕಳ ಪಾಠಕ್ಕೆ ನಾನು ಆರಿಸಿಕೊಂಡ ಮೊದಲ ವಸ್ತು ಮಳೆಗಾಲದ ರಜೆಯ ಸಂದೇಶ. ನಮ್ಮ ಜಿಲ್ಲೆಯಲ್ಲಾಗಲಿ ದಕ್ಷಿಣ ಕನ್ನಡದಲ್ಲಾಗಲಿ ಜೂನ್, ಜುಲೈ ತಿಂಗಳಲ್ಲಿ ಜೋರು ಮಳೆ ಹಿಡಿಯಿತೆಂದರೆ, ನಾಳೆ ಶಾಲೆಗಳಿಗೆ ರಜೆ ಎಂಬ ಪ್ರಕಟಣೆ ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ರಾತ್ರಿ ಗ್ರೂಪಿನಿಂದ ಗ್ರೂಪಿಗೆ ಓಡುತ್ತದೆ. ಅದರಲ್ಲಿ ನಿಜವೂ ಇರುತ್ತದೆ, ಸುಳ್ಳೂ ಇರುತ್ತದೆ. ಶಾಲೆಗೆ ಮೊಬೈಲು ತರುವಂತಿಲ್ಲವಾದ್ದರಿಂದ ಅಂಥ ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನು ಕಾಗದದಲ್ಲಿ ಮುದ್ರಿಸಿ ಗುಂಪಿಗೊಂದರಂತೆ ಹಂಚಿ, ನಿಜವೋ ಸುಳ್ಳೋ ಎಂದು ಹೇಳುವ ಮೊದಲು ನಿಮಗೆ ಕಂಡದ್ದನ್ನೆಲ್ಲ ಬರೆಯಿರಿ ಎಂದೆ. ಕಚೇರಿಯ ಕಡತ ಸಂಖ್ಯೆ ಇದೆಯೇ, ಯಾವ ತಾಲೂಕುಗಳಿಗೆ ಅನ್ವಯವೆಂದು ಬರೆದಿದೆ, ಅಂಗನವಾಡಿಯಿಂದ ಯಾವ ತರಗತಿಯವರೆಗೆ, ಸಹಿ ಯಾರದು, ಅದೇ ಮಾತು ಜಿಲ್ಲಾಡಳಿತದ ಅಧಿಕೃತ ಖಾತೆಯಲ್ಲಿ ಇದೆಯೇ ಎಂದು ಒಂದೊಂದಾಗಿ ನೋಡುತ್ತ ಹೋದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಟೀಚರ್, ಇದು ಹೋದ ವರ್ಷದ್ದು. ತಾರೀಕು ತಿದ್ದಿದ್ದಾರೆ, ವಾರ ತಿದ್ದಲು ಮರೆತಿದ್ದಾರೆ" ಎಂದ. ಗೋಡೆಯ ಕ್ಯಾಲೆಂಡರ್ ನೋಡಿದಾಗ ಅವನ ಮಾತು ಸರಿಯಾಗಿತ್ತು. ಪಾಠದಲ್ಲಿ ಎಂದೂ ಕೈಯೆತ್ತದ ಹುಡುಗ ಅವನು.

ಇದನ್ನು ನಂಬಿ ಮುಂದಕ್ಕೆ ಕಳುಹಿಸಿದವರು ಏಕೆ ನಂಬಿದರು ಎಂದು ಕೇಳಿದಾಗ ಉತ್ತರ ತಟ್ಟನೆ ಬಂತು: ರಜೆ ಬೇಕಿತ್ತು. ಬೇಕಾದುದನ್ನು ಮನಸ್ಸು ಪರೀಕ್ಷಿಸುವುದಿಲ್ಲ ಎಂಬುದನ್ನು ಮಕ್ಕಳು ತಮ್ಮ ಅನುಭವದಿಂದಲೇ ಕಂಡುಕೊಂಡ ಮೇಲೆ ನಾನು 2018ರ ಸಂಗತಿ ಹೇಳಿದೆ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿಯಿಂದ ದೇಶದ ಹಲವೆಡೆ ಅಮಾಯಕರನ್ನು ಗುಂಪು ಸೇರಿ ಹೊಡೆದು ಕೊಂದರು. ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯಲ್ಲಿ ಜುಲೈ ತಿಂಗಳಲ್ಲಿ ಒಬ್ಬ ಯುವ ಎಂಜಿನಿಯರ್ ಹಾಗೆ ಸತ್ತರು. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ವಾಟ್ಸ್‌ಆ್ಯಪ್ ಮಿತಿ ಹಾಕಿತು. ಎರಡು ಬಾಣಗಳ ಗುರುತಿರುವ ಸಂದೇಶ ಕೈಯಿಂದ ಕೈಗೆ ಅನೇಕ ಸಲ ದಾಟಿ ಬಂದದ್ದು, ಅದರ ಮೂಲ ಕಳುಹಿಸಿದವನಿಗೂ ಗೊತ್ತಿರುವುದಿಲ್ಲ ಎಂಬುದನ್ನು ಮಕ್ಕಳು ಮನೆಗೆ ಹೋಗಿ ತಾವೇ ನೋಡಿಕೊಂಡು ಬಂದರು.

ಫೋಟೋಗಳ ವಿಷಯದಲ್ಲಿ ಉಪದೇಶಕ್ಕಿಂತ ಒಂದು ಚಿತ್ರ ಹೆಚ್ಚು ಕೆಲಸ ಮಾಡಿತು. ಸಹೋದ್ಯೋಗಿಯೊಬ್ಬರ ಮಗಳು ಬಸ್ ತಂಗುದಾಣದಲ್ಲಿ ತೆಗೆದುಕೊಂಡ ಸೆಲ್ಫಿಯನ್ನು ಅವರಿಬ್ಬರ ಒಪ್ಪಿಗೆಯಿಂದ ಪರದೆಯ ಮೇಲೆ ಹಾಕಿ, ಇವಳನ್ನು ಹುಡುಕಬೇಕಾದರೆ ಎಲ್ಲಿಗೆ ಹೋಗುವಿರಿ ಎಂದು ಕೇಳಿದೆ. ಸಮವಸ್ತ್ರದ ಬ್ಯಾಡ್ಜಿನಿಂದ ಶಾಲೆ, ತಂಗುದಾಣದ ಫಲಕದಿಂದ ಊರು, ಹಿಂದೆ ನಿಂತ ಖಾಸಗಿ ಬಸ್ಸಿನ ಹೆಸರಿನಿಂದ ಅವಳು ಮನೆಗೆ ಹೋಗುವ ಹೊತ್ತು ಎಲ್ಲವೂ ಸಿಕ್ಕಿತು. ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಹೆಸರಿದೆ, ಯಾವ ಬಸ್ಸು ಎಷ್ಟು ಗಂಟೆಗೆ ಬರುತ್ತದೆಂದು ಊರಿಗೆಲ್ಲ ಗೊತ್ತು. ಖಾತೆಯನ್ನು ಪ್ರೈವೇಟ್ ಮಾಡುವುದು, ಲೊಕೇಶನ್ ಆಫ್ ಇಡುವುದು, ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡುವುದು ಇವನ್ನೆಲ್ಲ ಆ ದಿನವೇ ಹೇಳಿಕೊಟ್ಟೆ. ಇನ್‌ಸ್ಟಾಗ್ರಾಂ ಖಾತೆ ತೆರೆಯಲು 13 ವರ್ಷ ತುಂಬಿರಬೇಕೆಂಬ ನಿಯಮವನ್ನು ಎಂಟನೆಯ ತರಗತಿಯಲ್ಲಿ ಹೇಳಿದಾಗ ಹಲವರು ತಲೆ ತಗ್ಗಿಸಿದರು; ಸುಳ್ಳು ಜನ್ಮ ವರ್ಷ ಕೊಟ್ಟರೆ ಚಿಕ್ಕವರಿಗೆಂದು ಇಟ್ಟಿರುವ ರಕ್ಷಣೆಗಳೂ ತಪ್ಪಿಹೋಗುತ್ತವೆ ಎಂದು ತಿಳಿಸಿ ಮುಂದೆ ಹೋದೆ.

ಅತ್ಯಂತ ಕಷ್ಟದ ಪಾಠ ಖಾಸಗಿ ಚಿತ್ರಗಳದ್ದು. ಅದನ್ನು ಹೇಳದೆ ಬಿಡುವುದು ಸುಲಭ, ಆದರೆ ಹಾಗೆ ಬಿಡುವುದು ಅನ್ಯಾಯ ಎಂದು ನಾನು ನಂಬುತ್ತೇನೆ. 18 ವರ್ಷದೊಳಗಿನವರ ಅಶ್ಲೀಲ ಚಿತ್ರವನ್ನು ತಯಾರಿಸುವುದು, ಹಂಚುವುದು, ಹುಡುಕಿ ನೋಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಂತೆ ಅಪರಾಧ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯೂ ಅನ್ವಯಿಸುತ್ತದೆ, ಸ್ನೇಹಿತ ಕಳುಹಿಸಿದ್ದನ್ನು ಇನ್ನೊಬ್ಬನಿಗೆ ದಾಟಿಸಿದರೂ ಹಂಚಿದಂತೆಯೇ ಎಂಬುದು ಹುಡುಗರಿಗೆ ಗೊತ್ತಿರಲಿಲ್ಲ. ಇದನ್ನು ಹೇಳಿದ ಉಸಿರಿನಲ್ಲೇ, ಚಿತ್ರ ಯಾರದೋ ಆ ಮಗು ಅಪರಾಧಿಯಲ್ಲ ಎಂದೂ ಹೇಳಬೇಕು. ಇಲ್ಲವಾದರೆ ಸಿಕ್ಕಿಬಿದ್ದ ಹುಡುಗಿ ಇನ್ನಷ್ಟು ಅಡಗಿಕೊಳ್ಳುತ್ತಾಳೆ. ಬೆದರಿಕೆ ಬಂದರೆ ಹಣ ಕೊಡಬಾರದು, ಏಕೆಂದರೆ ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬಾರದು; ಖಾತೆಯ ಹೆಸರು, ಫೋನ್ ನಂಬರು, ಬೆದರಿಕೆಯ ಮಾತುಗಳು ಸಾಕ್ಷ್ಯವಾಗಿ ಉಳಿಯಬೇಕು. ಚಿತ್ರವನ್ನು ಮಾತ್ರ ನನಗೆ ಕಳುಹಿಸಬೇಡಿ, ತೋರಿಸುವ ಅಗತ್ಯವೂ ಇಲ್ಲ ಎಂದು ಪ್ರತಿ ಸಲ ಒತ್ತಿ ಹೇಳುತ್ತೇನೆ.

ಅಲ್ಲಿಂದ ಮುಂದಿನ ದಾರಿಯನ್ನೂ ತೋರಿಸಬೇಕು. ಖಾಸಗಿ ಚಿತ್ರದ ಬಗ್ಗೆ ದೂರು ಬಂದ 24 ಗಂಟೆಗಳೊಳಗೆ ಜಾಲತಾಣದ ಸಂಸ್ಥೆ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ಐಟಿ ನಿಯಮಗಳು ವಿಧಿಸಿದ್ದವು. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಲ್ಲಿ ಮಗು ತನ್ನ ಚಿತ್ರವನ್ನು ಯಾರಿಗೂ ಕಳುಹಿಸಬೇಕಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಅಂಕಿಸರಣಿ ಅದರ ಮೊಬೈಲಿನಲ್ಲೇ ತಯಾರಾಗಿ, ಅದಷ್ಟೇ ಹೋಗಿ, ಸಹಭಾಗಿ ಜಾಲತಾಣಗಳು ಅದಕ್ಕೆ ಹೊಂದುವ ಚಿತ್ರವನ್ನು ಪತ್ತೆಹಚ್ಚಲು ನೆರವಾಗುತ್ತದೆ. ಮಕ್ಕಳ ಸಹಾಯವಾಣಿ 1098 ಇದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇದೆ. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲಿ ಮಕ್ಕಳ ಮತ್ತು ಮಹಿಳೆಯರ ವಿಷಯದಲ್ಲಿ ಹೆಸರು ಹೇಳದೆ ದೂರು ಕೊಡಲೂ ಅವಕಾಶವಿದೆ. ಇಲ್ಲಿ ಅಧ್ಯಾಪಕರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ, ಅಂಥ ಅಪರಾಧ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ನಮ್ಮ ಹೊಣೆ. ಆದ್ದರಿಂದ "ಯಾರಿಗೂ ಹೇಳುವುದಿಲ್ಲ, ನನ್ನಲ್ಲಿ ಹೇಳು" ಎಂದು ನಾನು ಯಾವ ಮಗುವಿಗೂ ಮಾತು ಕೊಡುವುದಿಲ್ಲ. "ಹೇಳಿದರೆ ನಿನ್ನ ಜೊತೆಗಿರುತ್ತೇನೆ, ಯಾರಿಗೆ ತಿಳಿಸಬೇಕಾಗುತ್ತದೆಂದು ನಿನಗೇ ಮೊದಲು ಹೇಳುತ್ತೇನೆ" ಎನ್ನುತ್ತೇನೆ. ಪಾಲಿಸಲಾಗದ ಮಾತು ಕೊಟ್ಟು ಮಗುವಿನ ನಂಬಿಕೆ ಕಳೆದುಕೊಂಡರೆ ಅದು ಎರಡನೆಯ ಸಲ ಬರುವುದಿಲ್ಲ.

ಹತ್ತನೆಯ ತರಗತಿಯವರಿಗೆ ಸ್ಟೇಟಸ್‌ಗಳ ಬಗ್ಗೆ ಹೇಳುವಾಗ ಸಂವಿಧಾನದ ಪಾಠ ನೆರವಿಗೆ ಬಂತು. ಕರಾವಳಿಯಲ್ಲಿ ಏನಾದರೂ ಅಹಿತಕರ ಘಟನೆ ನಡೆದ ಸಂಜೆ ಮಕ್ಕಳ ಸ್ಟೇಟಸ್‌ಗಳಲ್ಲಿ ಬರುವ ಮಾತುಗಳನ್ನು ಕಂಡವರಿಗೆ ನನ್ನ ಕಳವಳ ಅರ್ಥವಾದೀತು. ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವೆಂದಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ್ದು ಮಾತಿನ ಸ್ವಾತಂತ್ರ್ಯಕ್ಕಾಗಿ. ಅದರ ಅರ್ಥ ಏನನ್ನೂ ಬರೆಯಬಹುದೆಂದಲ್ಲ, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಬರಹ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನಡಿ ಇಂದಿಗೂ ಅಪರಾಧ ಎಂದು ಎರಡನ್ನೂ ಒಟ್ಟಿಗೆ ಕಲಿಸಿದೆ. ಗಲ್ಫಿಗೆ ಹೋಗುವ ಕನಸಿರುವ ಹುಡುಗರಿಗೆ ಪ್ರಕರಣ ದಾಖಲಾದರೆ ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಯಲ್ಲಿ ತೊಡಕಾಗಬಹುದೆಂಬ ವಿಷಯ ಬೇರೆ ಯಾವ ಮಾತಿಗಿಂತಲೂ ನಾಟಿತು. ಆದರೂ ಕಾನೂನಿನ ಭಯವೊಂದರಲ್ಲೇ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಪಕ್ಕದ ಬೆಂಚಿನ ಗೆಳೆಯ ಇದನ್ನು ಓದಿದರೆ ಸೋಮವಾರ ನಿನ್ನ ಬುತ್ತಿಯಿಂದ ಪಲ್ಯ ತೆಗೆದುಕೊಳ್ಳುತ್ತಾನೆಯೇ ಎಂದು ಕೇಳಿದೆ. ತರಗತಿ ಬಹಳ ಹೊತ್ತು ಸುಮ್ಮನಿತ್ತು.

ರೀಲ್ಸ್ ನೋಡುವ ಹೊತ್ತಿನ ಬಗ್ಗೆ ನನ್ನ ಪಾಠ ಚಿಕ್ಕದು. ಎಷ್ಟು ಸರಿಸಿದರೂ ಮುಗಿಯದಂತೆ ಅದನ್ನು ಉದ್ದೇಶಪೂರ್ವಕವಾಗಿಯೇ ರೂಪಿಸಿದ್ದಾರೆ ಎಂದು ತಿಳಿಸಿ, ನೋಟಿಫಿಕೇಶನ್ ನಿಲ್ಲಿಸುವುದನ್ನು, ದಿನದ ಮಿತಿ ಇಡುವುದನ್ನು ತೋರಿಸಿದೆ. ಬೆಳಿಗ್ಗೆ ಏಳಲು ಅಲಾರಾಂ ಬೇಕೆಂಬ ನೆಪದಲ್ಲಿ ಮೊಬೈಲು ತಲೆದಿಂಬಿನ ಬಳಿ ಉಳಿಯುತ್ತಿದ್ದ ಮನೆಗಳಲ್ಲಿ ಒಂದು ಸಾಮಾನ್ಯ ಅಲಾರಾಂ ಗಡಿಯಾರ ಕೊಂಡದ್ದೇ ಹೆಚ್ಚು ಫಲ ಕೊಟ್ಟಿತು. ಚಟ ಕೈಮೀರಿದೆ ಎನಿಸಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಇರುವ ಶಟ್ ಕ್ಲಿನಿಕ್‌ನ ವಿಷಯವನ್ನೂ ತಿಳಿಸಿದ್ದೇನೆ.

ಇವೆಲ್ಲಕ್ಕಿಂತ ಮಕ್ಕಳಲ್ಲಿ ಜವಾಬ್ದಾರಿ ಬೆಳೆಸಿದ್ದು, ಅವರನ್ನೇ ಕಲಿಸುವವರನ್ನಾಗಿ ಮಾಡಿದ್ದು. ಹತ್ತನೆಯ ತರಗತಿಯವರು ಜೋಡಿ ಜೋಡಿಯಾಗಿ ಊರಿನ ಮಹಿಳಾ ಸ್ವಸಹಾಯ ಗುಂಪುಗಳ ಸಭೆಗೆ ಹೋಗಿ ತುಳುವಿನಲ್ಲಿ ಮಾತನಾಡುತ್ತಾರೆ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿದರೆ ನಿಮ್ಮ ಹಣ ಹೋಗುತ್ತಿದೆ ಎಂದೇ ಅರ್ಥ. ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕಾಲಿನಲ್ಲೇ ಬಂಧಿಸಿದ್ದೇವೆಂದು ಹೆದರಿಸುವ ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಷ್ಟನ್ನು ಹೇಳಲು ಅವರು ಮನೆಯಲ್ಲಿ ಅಜ್ಜಿಯ ಮುಂದೆ ಅಭ್ಯಾಸ ಮಾಡಿ ಬರುತ್ತಾರೆ. ಪಿಯುಸಿಗೆ ಹೋದ ಮೇಲೆ ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಬಳಸಲು ಕೊಡುವ ಅಪಾಯವನ್ನೂ ಈ ತಯಾರಿಯಲ್ಲೇ ಸೇರಿಸಿದ್ದೇನೆ, ಏಕೆಂದರೆ ವಂಚನೆಯ ಹಣ ಅಂಥ ಖಾತೆಗಳ ಮೂಲಕವೇ ಹಾದುಹೋಗುತ್ತದೆ, ಪೊಲೀಸರು ಮೊದಲು ಬರುವುದು ಆ ಖಾತೆದಾರನ ಮನೆಗೆ.

ಅಂಥ ಒಂದು ಸಭೆಯಲ್ಲಿ ಹಿರಿಯರೊಬ್ಬರು, ಮುಂಬೈಯಲ್ಲಿರುವ ಮಗನ ದನಿಯಲ್ಲೇ ಯಾರಾದರೂ ಕರೆ ಮಾಡಿ ಹಣ ಕೇಳಿದರೆ ತಿಳಿಯುವುದು ಹೇಗೆ ಎಂದು ಕೇಳಿದರು. ಕೃತಕ ಬುದ್ಧಿಮತ್ತೆಯಿಂದ ದನಿಯನ್ನೂ ಮುಖವನ್ನೂ ನಕಲು ಮಾಡುವುದು ಈಗ ಸಾಧ್ಯವಾಗಿದೆ, ಆದರೆ ಅದು ನಾನು ಮಕ್ಕಳಿಗೆ ಇನ್ನೂ ಕಲಿಸಿರದ ಪಾಠವಾಗಿತ್ತು. ನಮ್ಮ ಹುಡುಗಿ ಸ್ವಲ್ಪ ಯೋಚಿಸಿ, "ಕರೆ ಕಟ್ ಮಾಡಿ, ನಿಮ್ಮಲ್ಲಿರುವ ಹಳೆಯ ನಂಬರಿಗೆ ನೀವೇ ತಿರುಗಿ ಮಾಡಿ ದೊಡ್ಡಮ್ಮ. ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತನ್ನು ಈಗಲೇ ಮಗನ ಹತ್ತಿರ ನಿಶ್ಚಯ ಮಾಡಿ ಇಟ್ಟುಕೊಳ್ಳಿ" ಎಂದು ತುಳುವಿನಲ್ಲಿ ಹೇಳಿದಳು. ಈ ವರ್ಷದಿಂದ ಎಂಟನೆಯ ತರಗತಿಯ ಪಾಠಕ್ಕೆ ಅದನ್ನೂ ಸೇರಿಸಿದ್ದೇನೆ. ಪ್ರತಿಯೊಂದು ಮಗುವೂ ಮನೆಯವರೊಡನೆ ಕುಳಿತು ಅಂಥ ಒಂದು ಮಾತನ್ನು ಗೊತ್ತುಮಾಡಿಕೊಂಡು ಬರಬೇಕು, ಅದು ಏನೆಂದು ಮಾತ್ರ ನನಗೆ ಹೇಳಬೇಕಿಲ್ಲ.